ಎಲ್‌ಇಡಿ ಹಾಕಿದರೂ ಕರೆಂಟ್ ಉಳಿಯುವುದಿಲ್ಲವೇ? ಜೆವನ್ಸ್ ನಿಜವಾಗಿ ಹೇಳಿದ್ದೇನು

2025ರ ಜನವರಿ ಕೊನೆಯಲ್ಲಿ ಚೀನಾದ ಡೀಪ್‌ಸೀಕ್ ಎಂಬ ಎಐ ದೊಡ್ಡ ಸುದ್ದಿಯಾಯಿತು. ಕಡಿಮೆ ಖರ್ಚಿನಲ್ಲಿ, ಕಡಿಮೆ ಕಂಪ್ಯೂಟರ್ ಬಲದಲ್ಲಿ ಕೆಲಸ ಮಾಡುತ್ತದೆ ಎಂಬ ಮಾತು ಹಬ್ಬಿ ಶೇರು ಮಾರುಕಟ್ಟೆಯೇ ಅಲುಗಾಡಿತು. ಆಗ ಮೈಕ್ರೋಸಾಫ್ಟ್ ಮುಖ್ಯಸ್ಥ ಸತ್ಯ ನಾದೆಲ್ಲ (ಇವರು ಎಂಜಿನಿಯರಿಂಗ್ ಓದಿದ್ದು ನಮ್ಮ ಮಣಿಪಾಲದಲ್ಲಿ) ಒಂದು ಪೋಸ್ಟ್ ಹಾಕಿ, ಎಐ ಅಗ್ಗವಾದರೆ ಅದರ ಬಳಕೆ ಕಡಿಮೆಯಾಗುವುದಿಲ್ಲ, ಇನ್ನೂ ಏರುತ್ತದೆ ಎಂದರು. ಅದಕ್ಕೆ ಅವರು ಆಧಾರವಾಗಿ ಎತ್ತಿದ ಹೆಸರು ಜೆವನ್ಸ್.

ಅಲ್ಲಿಂದ ಈ ಹೆಸರು ಫಾರ್ವರ್ಡ್‌ಗಳಿಗೂ ಇಳಿಯಿತು. ನಿಮ್ಮ ಗ್ರೂಪಿಗೂ ಇಂಥದ್ದೊಂದು ಬಂದಿರಬಹುದು. ಎಲ್‌ಇಡಿ ಬಲ್ಬ್, 5 ಸ್ಟಾರ್ ಎಸಿ, ಹೆಚ್ಚು ಮೈಲೇಜ್ ಕೊಡುವ ಬೈಕ್ ಎಲ್ಲವೂ ಕಂಪನಿಗಳ ಆಟ, ಉಳಿಸಲು ಹೋದಷ್ಟೂ ಹೆಚ್ಚು ಖರ್ಚಾಗುತ್ತದೆ, ಜೆವನ್ಸ್ ಎಂಬ ವಿಜ್ಞಾನಿ ಇದನ್ನು ಎಂದೋ ಸಾಬೀತು ಮಾಡಿದ್ದಾನೆ, ಆದ್ದರಿಂದ ಸುಮ್ಮನಿರಿ ಎಂಬುದು ಅದರ ಸಾರ. ಇದರ ತದ್ವಿರುದ್ಧದ ಫಾರ್ವರ್ಡ್ ನಮಗೆ ಮೊದಲೇ ಗೊತ್ತು. ಬಲ್ಬ್ ಬದಲಿಸಿ, ಭೂಮಿ ಉಳಿಸಿ ಎನ್ನುವುದು ಅದು.

ಎರಡೂ ಅರ್ಧ ಸತ್ಯ. ಯಾಕೆ ಅಂತ ತಿಳಿಯಲು ಆ ಮನುಷ್ಯನ ಬದುಕನ್ನೇ ಸ್ವಲ್ಪ ನೋಡೋಣ. ಅದು ಸಣ್ಣ ಬದುಕು, ಬರೀ 46 ವರ್ಷದ್ದು.

ಕಬ್ಬಿಣದ ವ್ಯಾಪಾರಿಯ ಮಗ

ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಹುಟ್ಟಿದ್ದು 1835ರ ಸೆಪ್ಟೆಂಬರ್ 1ರಂದು, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. 11 ಮಕ್ಕಳಲ್ಲಿ 9ನೆಯವರು. ತಂದೆ ಥಾಮಸ್ ಕಬ್ಬಿಣದ ವ್ಯಾಪಾರಿ. ಹುಡುಗನಿಗೆ 10 ವರ್ಷವಾಗುವ ಹೊತ್ತಿಗೆ ತಾಯಿ ತೀರಿಕೊಂಡರು. ಆಗ ಇಂಗ್ಲೆಂಡಿನಲ್ಲಿ ರೈಲ್ವೆ ಶೇರುಗಳ ಹುಚ್ಚು. ಆ ಗುಳ್ಳೆ ಒಡೆದಾಗ 1848ರಲ್ಲಿ ಮನೆಯ ಕಂಪನಿಯೂ ದಿವಾಳಿಯಾಯಿತು. ಕಬ್ಬಿಣ, ಕಲ್ಲಿದ್ದಲು, ರೈಲು, ಇವುಗಳ ಏರಿಳಿತ ಅವರಿಗೆ ಪುಸ್ತಕದ ವಿಷಯ ಆಗಿರಲಿಲ್ಲ, ಊಟದ ಮನೆಯಲ್ಲೇ ಕಂಡಿದ್ದಾಗಿತ್ತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದಾಗ, ಡಿಗ್ರಿ ಮುಗಿಯುವ ಮೊದಲೇ ಒಂದು ಕೆಲಸ ಹುಡುಕಿಕೊಂಡು ಬಂತು. ಆಸ್ಟ್ರೇಲಿಯಾದಲ್ಲಿ ಚಿನ್ನ ಸಿಕ್ಕಿತ್ತು, ಸಿಡ್ನಿಯಲ್ಲಿ ಹೊಸ ಟಂಕಸಾಲೆ ಶುರುವಾಗುತ್ತಿತ್ತು, ಚಿನ್ನದ ಶುದ್ಧತೆ ಪರೀಕ್ಷಿಸಲು ರಸಾಯನಶಾಸ್ತ್ರ ಬಲ್ಲವರು ಬೇಕಿದ್ದರು. ಮನೆಯ ಪರಿಸ್ಥಿತಿ ನೋಡಿ 18ರ ಹುಡುಗ 1854ರಲ್ಲಿ ಹಡಗು ಹತ್ತಿದರು.

ಸಿಡ್ನಿಯಲ್ಲಿ ಕಳೆದ 5 ವರ್ಷ ಅವರನ್ನು ರೂಪಿಸಿತು ಎಂದೇ ನಮಗೆ ಅನಿಸುತ್ತದೆ. ಟಂಕಸಾಲೆಯ ಕೆಲಸ ಮುಗಿದ ಮೇಲೆ ಸಿಗುತ್ತಿದ್ದ ಸಮಯದಲ್ಲಿ ಹವಾಮಾನ ಅಳೆದು ಬರೆದಿಡುತ್ತಿದ್ದರು. ಮೋಡಗಳ ಮೇಲೆ ಲೇಖನ ಬರೆದರು. ಆಗಷ್ಟೇ ಬಂದಿದ್ದ ಕ್ಯಾಮೆರಾ ಹಿಡಿದು ಊರು ಸುತ್ತಿದರು. ಸಿಡ್ನಿಯ ಬೀದಿ ಬೀದಿ ನಡೆದು ಎಲ್ಲಿ ಚರಂಡಿ ಇಲ್ಲ, ಎಲ್ಲಿ ಬಡವರಿದ್ದಾರೆ ಅಂತ ಟಿಪ್ಪಣಿ ಮಾಡಿದರು. ಏನನ್ನೇ ನೋಡಿದರೂ ಎಣಿಸು, ಅಳೆ, ಪಟ್ಟಿ ಮಾಡು. ಈ ಚಟ ಕೊನೆತನಕ ಬಿಡಲಿಲ್ಲ. ಒಳ್ಳೆಯ ಸಂಬಳದ ಆ ಕೆಲಸವನ್ನು ಬಿಟ್ಟು 1859ರಲ್ಲಿ ಮತ್ತೆ ಓದಲು ಇಂಗ್ಲೆಂಡಿಗೆ ಹೊರಟಾಗ ನೆಂಟರಿಗೆ ಏನನಿಸಿತೋ, ನಮ್ಮ ಮನೆಗಳಲ್ಲಾದರೆ ದೊಡ್ಡ ಗಲಾಟೆಯೇ ಆಗುತ್ತಿತ್ತು. ಮುಂದೆ ಎಂ.ಎ.ಯಲ್ಲಿ ಚಿನ್ನದ ಪದಕ ಪಡೆದು ಮ್ಯಾಂಚೆಸ್ಟರಿನ ಓವೆನ್ಸ್ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದರು.

ಕಲ್ಲಿದ್ದಲಿನ ಲೆಕ್ಕ

1860ರ ದಶಕದ ಬ್ರಿಟನ್ ಅಂದರೆ ಕಲ್ಲಿದ್ದಲು. ಮಿಲ್ಲು ಓಡುವುದು ಅದರಿಂದ, ರೈಲು ಓಡುವುದು ಅದರಿಂದ, ಚಳಿಗೆ ಮನೆ ಬೆಚ್ಚಗಾಗುವುದೂ ಅದರಿಂದ. ನೆಲದಡಿ ಎಷ್ಟಿದೆ, ಎಷ್ಟು ವರ್ಷ ಬರುತ್ತದೆ ಎಂಬ ಚರ್ಚೆ ಆಗಲೇ ನಡೆದಿತ್ತು. ಸಮಾಧಾನ ಹೇಳುವವರೂ ಇದ್ದರು. ಎಂಜಿನ್‌ಗಳು ವರ್ಷ ವರ್ಷ ಉತ್ತಮವಾಗುತ್ತಿವೆ, ಅದೇ ಕೆಲಸಕ್ಕೆ ಕಡಿಮೆ ಕಲ್ಲಿದ್ದಲು ಸಾಕು, ಆದ್ದರಿಂದ ಹೆದರಬೇಕಿಲ್ಲ ಎಂಬುದು ಅವರ ವಾದ. ಇವತ್ತಿನ ಜಾಹೀರಾತುಗಳನ್ನು ನೋಡಿದವರಿಗೆ ಈ ವಾದ ಹೊಸದಲ್ಲ.

1865ರಲ್ಲಿ, ಇನ್ನೂ 30 ತುಂಬದ ಜೆವನ್ಸ್ ಕಲ್ಲಿದ್ದಲಿನ ಪ್ರಶ್ನೆ ಎಂಬ ಅರ್ಥದ ಹೆಸರಿನ ಪುಸ್ತಕ ತಂದು ಈ ಸಮಾಧಾನಕ್ಕೆ ಕೈ ಹಾಕಿದರು. ಅವರ ಉದಾಹರಣೆಗಳಲ್ಲಿ ಮುಖ್ಯವಾದದ್ದು ಸ್ಕಾಟ್ಲೆಂಡಿನ ಕಬ್ಬಿಣದ ಕುಲುಮೆಗಳದ್ದು. ಗ್ಲಾಸ್ಗೋದ ಗ್ಯಾಸ್ ಕಾರ್ಖಾನೆ ನೋಡಿಕೊಳ್ಳುತ್ತಿದ್ದ ಜೇಮ್ಸ್ ನೀಲ್ಸನ್ 1828ರಲ್ಲಿ ಒಂದು ಸರಳ ಉಪಾಯ ಕಂಡುಹಿಡಿದಿದ್ದರು. ಕುಲುಮೆಗೆ ತಣ್ಣನೆಯ ಗಾಳಿ ಊದುವ ಬದಲು ಮೊದಲೇ ಬಿಸಿ ಮಾಡಿದ ಗಾಳಿ ಊದುವುದು, ಅಷ್ಟೇ. 1 ಟನ್ ಕಬ್ಬಿಣಕ್ಕೆ ಬೇಕಾದ ಕಲ್ಲಿದ್ದಲು ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿಯಿತು. ಹಾಗಾದರೆ ಸ್ಕಾಟ್ಲೆಂಡಿನ ಕುಲುಮೆಗಳ ಒಟ್ಟು ಕಲ್ಲಿದ್ದಲು ಬಳಕೆ ಇಳಿಯಬೇಕಿತ್ತಲ್ಲವೇ? ಜೆವನ್ಸ್ ಲೆಕ್ಕದ ಪ್ರಕಾರ 1830ರಿಂದ 1863ರ ನಡುವೆ ಅದು 10 ಪಟ್ಟಾಯಿತು.

ಕಾರಣ ಗುಟ್ಟಿನದ್ದೇನಲ್ಲ. ಕಲ್ಲಿದ್ದಲು ಕಡಿಮೆ ಸಾಕಾದಾಗ ಕಬ್ಬಿಣ ಅಗ್ಗವಾಯಿತು. ಅಗ್ಗವಾದಾಗ ಕೊಳ್ಳುವವರು ಹೆಚ್ಚಿದರು. ಲಾಭ ಕಂಡು ಹೊಸ ಕುಲುಮೆಗಳು ಎದ್ದವು. ಆ ಕಬ್ಬಿಣದಿಂದ ಹಳಿ, ಎಂಜಿನ್, ಹಡಗು ಬಂದವು. ಅವೆಲ್ಲ ಮತ್ತೆ ಕಲ್ಲಿದ್ದಲು ತಿನ್ನುವಂಥವೇ.

ಹಬೆ ಎಂಜಿನ್ ಕಥೆಯೂ ಹೀಗೇ. ಸೇವರಿಯ ಮೊದಲ ಎಂಜಿನ್ ಎಷ್ಟು ಕಲ್ಲಿದ್ದಲು ನುಂಗುತ್ತಿತ್ತೆಂದರೆ ಅದನ್ನು ಬಳಸುವವರೇ ಕಡಿಮೆ. ಆಮೇಲೆ ನ್ಯೂಕಮೆನ್, ಆಮೇಲೆ ಜೇಮ್ಸ್ ವಾಟ್. ವಾಟ್ ಅವರ ಕಂಪನಿಯಂತೂ ಎಂಜಿನ್ನಿನಿಂದ ಉಳಿದ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೇ ಒಂದು ಪಾಲನ್ನೇ ತನ್ನ ಶುಲ್ಕವಾಗಿ ಪಡೆಯುತ್ತಿತ್ತು, ಅಂದರೆ ಮಾರುತ್ತಿದ್ದುದೇ ಉಳಿತಾಯವನ್ನು. ಆದರೂ ಉಳಿಸುವ ಎಂಜಿನ್ ಬಂದಷ್ಟೂ ಎಂಜಿನ್‌ಗಳ ಸಂಖ್ಯೆ ಏರಿತು, ಕಲ್ಲಿದ್ದಲೂ ಏರಿತು. ಇದಕ್ಕೇ ಬಹಳ ವರ್ಷಗಳ ನಂತರ ಬೇರೆಯವರು ಜೆವನ್ಸ್ ವಿರೋಧಾಭಾಸ ಎಂದು ಹೆಸರಿಟ್ಟರು.

ಆಗಲೂ ಫಾರ್ವರ್ಡ್ ಇತ್ತು

ಪುಸ್ತಕ ಮೊದಲು ಮಂದಗತಿಯಲ್ಲೇ ಹೋಯಿತು. 1866ರಲ್ಲಿ ಚಿತ್ರ ಬದಲಾಯಿತು. ತತ್ವಜ್ಞಾನಿ ಹಾಗೂ ಸಂಸದ ಜಾನ್ ಸ್ಟುವರ್ಟ್ ಮಿಲ್ ಪಾರ್ಲಿಮೆಂಟಿನಲ್ಲಿ ಅದನ್ನು ಉಲ್ಲೇಖಿಸಿದರು. ಹಣಕಾಸು ಮಂತ್ರಿ ಗ್ಲ್ಯಾಡ್‌ಸ್ಟನ್ ಪುಸ್ತಕ ಓದಿ ಜೆವನ್ಸ್ ಅವರನ್ನು ಭೇಟಿಯಾದರು. ದೇಶದ ಸಾಲ ತೀರಿಸುವ ಪ್ರಸ್ತಾಪಕ್ಕೆ ಕಲ್ಲಿದ್ದಲಿನ ವಾದವೂ ಬಲ ಕೊಟ್ಟಿತು. ಸರ್ಕಾರ ಒಂದು ರಾಯಲ್ ಕಮಿಷನ್ ನೇಮಿಸಿತು, ಅದು 1871ರಲ್ಲಿ ವರದಿ ಕೊಟ್ಟಿತು. ಪತ್ರಿಕೆಗಳಲ್ಲಿ ಕಲ್ಲಿದ್ದಲು ಮುಗಿದೇ ಹೋಗುತ್ತದೆ ಎಂಬ ಗಾಬರಿ.

ಗಾಬರಿಗೆ ಕಾರಣವಾದ ಸಂಖ್ಯೆ ನೋಡಿ. 1861ರಲ್ಲಿ ಬ್ರಿಟನ್ ಸುಮಾರು 8.36 ಕೋಟಿ ಟನ್ ಕಲ್ಲಿದ್ದಲು ತೆಗೆದಿತ್ತು. ಬಳಕೆ ವರ್ಷಕ್ಕೆ ಶೇಕಡಾ 3.5ರಂತೆ ಬೆಳೆಯುತ್ತಿತ್ತು. ಶೇ. 3.5 ಅಂದರೆ ಸಣ್ಣದು ಅನಿಸುತ್ತದೆ, ಆದರೆ ಚಕ್ರಬಡ್ಡಿಯ ಲೆಕ್ಕದಲ್ಲಿ 20 ವರ್ಷಕ್ಕೊಮ್ಮೆ ದುಪ್ಪಟ್ಟು. ಹೀಗೇ ಹೋದರೆ 1961ರಲ್ಲಿ ವರ್ಷಕ್ಕೆ 260.7 ಕೋಟಿ ಟನ್ ಬೇಕು. ಬ್ರಿಟನ್ನಿನ ಗಣಿಗಳು ಇದನ್ನು ಕೊಡಲಾರವು.

ಇದು ಭವಿಷ್ಯವಾಣಿ ಅಂತ ಬಹಳ ಜನ ತಿಳಿದರು. ಜೆವನ್ಸ್ ವಾದ ಉಲ್ಟಾ ಇತ್ತು. ಆ ಅಂಕಿ ಅಸಾಧ್ಯ, ಆದ್ದರಿಂದ ಈ ಬೆಳವಣಿಗೆ ಎಲ್ಲೋ ನಿಲ್ಲಲೇಬೇಕು, ಮೇಲಿನ ಪದರ ಮುಗಿದು ಆಳಕ್ಕೆ ಹೋದಂತೆ ಕಲ್ಲಿದ್ದಲು ದುಬಾರಿಯಾಗುತ್ತದೆ, ಅಗ್ಗದ ಕಲ್ಲಿದ್ದಲಿನ ಮೇಲೆ ನಿಂತ ನಮ್ಮ ದೊಡ್ಡಸ್ತಿಕೆ ಬೇರೆ ದೇಶಕ್ಕೆ ಹೋಗುತ್ತದೆ ಎಂಬುದು ಅವರ ಮಾತು. ಪೂರ್ತಿ ಓದದೆ ಒಂದು ಸಂಖ್ಯೆ ಹಿಡಿದು ಹಂಚುವ ಅಭ್ಯಾಸ ವಾಟ್ಸಾಪ್ ಕಾಲದ್ದಲ್ಲ. ಬ್ರಿಟನ್ನಿನ ಕಲ್ಲಿದ್ದಲು ಉತ್ಪಾದನೆ ತುದಿ ಮುಟ್ಟಿದ್ದು 1913ರಲ್ಲಿ, ಸುಮಾರು 28.7 ಕೋಟಿ ಟನ್. ಆಮೇಲೆ ಇಳಿಮುಖ.

ಇನ್ನೊಂದು ತಪ್ಪು ಕಲ್ಪನೆಯನ್ನೂ ಇಲ್ಲೇ ಹೇಳಿಬಿಡುತ್ತೇವೆ. ಜೆವನ್ಸ್ ಪರಿಸರವಾದಿ ಅಲ್ಲ. ಅವರ ಚಿಂತೆ ಬ್ರಿಟನ್ನಿನ ಗದ್ದುಗೆಯದ್ದು. ಕಲ್ಲಿದ್ದಲಿಗೆ ತೆರಿಗೆ ಹಾಕೋಣ, ರಫ್ತು ತಡೆಯೋಣ ಎಂಬ ಸಲಹೆಗಳನ್ನು ಅವರು ಪರಿಶೀಲಿಸಿ ಕೈಬಿಟ್ಟರು. ಸಿರಿ ಇರುವಾಗಲೇ ದೇಶದ ಸಾಲ ತೀರಿಸಿ, ಮುಂದಿನವರ ಮೇಲೆ ಹೊರೆ ಬಿಡಬೇಡಿ ಎನ್ನುವುದು ಅವರ ಮುಖ್ಯ ಸಲಹೆ.

ಮನೆಯ ಒಲೆಯನ್ನು ಅವರು ಹೊರಗಿಟ್ಟಿದ್ದರು

ಫಾರ್ವರ್ಡ್‌ಗಳಲ್ಲಿ ಎಂದೂ ಕಾಣದ ಸಂಗತಿ ಇದು. ಆ ಪ್ರಸಿದ್ಧ ಅಧ್ಯಾಯದ ಶುರುವಿನಲ್ಲೇ ಜೆವನ್ಸ್, ತಾನು ಮಾತಾಡುತ್ತಿರುವುದು ಮನೆಬಳಕೆಯ ಕಲ್ಲಿದ್ದಲಿನ ಬಗ್ಗೆ ಅಲ್ಲ ಎಂದು ಸ್ಪಷ್ಟ ಮಾಡುತ್ತಾರೆ. ಮನೆಯಲ್ಲಿ ಉರಿಸುವುದನ್ನು ಖಂಡಿತ ಕಡಿಮೆ ಮಾಡಬಹುದು, ಸ್ವಲ್ಪ ಸುಖ ಬಿಡಬೇಕು, ಅಭ್ಯಾಸ ಬದಲಿಸಬೇಕು, ಹಾಗೆ ಉಳಿದದ್ದು ಬಹುಪಾಲು ಮುಂದಿನ ಪೀಳಿಗೆಗೆ ಉಳಿಯುತ್ತದೆ ಎಂಬ ಅರ್ಥದಲ್ಲಿ ಬರೆಯುತ್ತಾರೆ. ಅವರ ವಾದ ಕಾರ್ಖಾನೆಗೆ ಸೇರಿದ್ದು. ಎಲ್‌ಇಡಿ ವ್ಯರ್ಥ ಎಂದು ಹೇಳಲು ಅವರ ಹೆಸರು ಬಳಸುವವರು ಆ ಪುಟ ತೆರೆದಿಲ್ಲ.

ಮನೆಯ ಲೆಕ್ಕ ನಾವೇ ಮಾಡಿ ನೋಡಬಹುದು. 60 ವಾಟ್‌ನ ಹಳೆಯ ಬಲ್ಬ್ ದಿನಕ್ಕೆ 5 ಗಂಟೆ ಉರಿದರೆ 300 ವಾಟ್-ಗಂಟೆ. ಅದರ ಜಾಗದಲ್ಲಿ 9 ವಾಟ್‌ನ ಎಲ್‌ಇಡಿ ಹಾಕಿ, ಆರಿಸುವುದನ್ನೇ ಮರೆತು 24 ಗಂಟೆ ಉರಿಸಿದರೂ 216 ವಾಟ್-ಗಂಟೆ. ಅಂದರೆ ಒಂದು ಬಲ್ಬಿಗೆ ಒಂದು ಬಲ್ಬ್ ಬದಲಿಸಿದರೆ ನೀವು ಎಷ್ಟೇ ಸೋಮಾರಿಯಾದರೂ ಉಳಿತಾಯ ಉಳಿತಾಯವೇ. 2015ರಲ್ಲಿ ಶುರುವಾದ ಉಜಾಲಾ ಯೋಜನೆಯಲ್ಲಿ ದೇಶದಲ್ಲಿ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬ್ ಹಂಚಿದ್ದು ದಂಡವಲ್ಲ.

ಸೋರಿಕೆ ಬೇರೆ ಕಡೆ ಇರುತ್ತದೆ. ಬಲ್ಬ್ ಅಗ್ಗ, ಕರೆಂಟೂ ಕಡಿಮೆ ಎಂದ ಮೇಲೆ ಹಾಲ್‌ನಲ್ಲಿ 1 ಇದ್ದ ಕಡೆ ಫಾಲ್ಸ್ ಸೀಲಿಂಗ್‌ನಲ್ಲಿ 14 ಬರುತ್ತವೆ. ಕಾಂಪೌಂಡಿಗೆ ಸಾಲು ದೀಪ, ಅಂಗಡಿ ಮುಂದೆ ಓಡುವ ಅಕ್ಷರದ ಬೋರ್ಡು, ರಸ್ತೆಗೆ ದೊಡ್ಡ ಪರದೆಯ ಜಾಹೀರಾತು. 2012ರಿಂದ 2016ರ ನಡುವೆ ಉಪಗ್ರಹ ಚಿತ್ರಗಳನ್ನು ಅಳೆದ ಅಧ್ಯಯನವೊಂದು, ಭೂಮಿಯ ಮೇಲೆ ರಾತ್ರಿ ಬೆಳಗುವ ಪ್ರದೇಶ ವರ್ಷಕ್ಕೆ ಶೇ. 2.2ರಂತೆ ಹಿಗ್ಗುತ್ತಿದೆ ಎಂದು ಕಂಡಿತು. ಎಲ್‌ಇಡಿ ಜಗತ್ತನ್ನೆಲ್ಲ ಹಬ್ಬುತ್ತಿದ್ದ ವರ್ಷಗಳವು.

ಬೈಕಿನ ಉದಾಹರಣೆ ಇನ್ನೂ ಸುಲಭ. ಲೀಟರಿಗೆ 40 ಕಿ.ಮೀ. ಕೊಡುವ ಬೈಕಿನಲ್ಲಿ ತಿಂಗಳಿಗೆ 600 ಕಿ.ಮೀ. ಓಡಿಸಿದರೆ 15 ಲೀಟರ್. 60 ಕೊಡುವ ಬೈಕ್ ತಂದರೆ 10 ಲೀಟರ್ ಸಾಕು, ಉಳಿತಾಯ 5 ಲೀಟರ್. ಆದರೆ ಪೆಟ್ರೋಲ್ ಹಗುರ ಅನಿಸಿ, ಬಸ್ಸಿಗೆ ಹೋಗುತ್ತಿದ್ದ ಕಡೆಗೂ ಬೈಕ್ ತೆಗೆದು 690 ಕಿ.ಮೀ. ಓಡಿಸಿದಿರಿ ಎನ್ನಿ. ಆಗ 11.5 ಲೀಟರ್, ಉಳಿದದ್ದು 3.5. ಉಳಿತಾಯದ ಶೇ. 30 ಭಾಗ ಕೈಜಾರಿತು. 900 ಕಿ.ಮೀ. ದಾಟಿದರೆ ಮಾತ್ರ ಜೆವನ್ಸ್ ಹೇಳಿದ ಸ್ಕಾಟ್ಲೆಂಡ್ ನಿಮ್ಮ ಮನೆಯಲ್ಲಾದಂತೆ. ಶ್ರೀಮಂತ ದೇಶಗಳ ಅಧ್ಯಯನಗಳನ್ನೆಲ್ಲ ಕಲೆಹಾಕಿದ 2007ರ ಬ್ರಿಟನ್ನಿನ ವರದಿಯೊಂದು, ಮನೆ ಬಿಸಿ ಮಾಡುವುದು, ತಂಪು ಮಾಡುವುದು, ಸ್ವಂತ ವಾಹನ ಓಡಿಸುವುದರಲ್ಲಿ ಹೀಗೆ ನೇರವಾಗಿ ಕೈಜಾರುವುದು ಬಹುಶಃ ಶೇ. 30ಕ್ಕಿಂತ ಕಡಿಮೆ ಎಂದಿತು. ಎಸಿ ಇಲ್ಲದಿದ್ದ ಮನೆಗೆ 5 ಸ್ಟಾರ್ ಎಸಿ ಬಂದರೆ ಮಾತ್ರ ಈ ಲೆಕ್ಕ ಬೇರೆ. ಅಲ್ಲಿ ಉಳಿತಾಯ ಎಂಬುದೇ ಇಲ್ಲ, ಮೀಟರ್ ಮೇಲೇರುವುದಷ್ಟೇ. ಸ್ಟಾರ್ ಎಣಿಸುವುದಕ್ಕಿಂತ ಬಿಲ್ಲಿನ ಯೂನಿಟ್ ನೋಡುವುದು ವಾಸಿ.

ನೀರಿನಲ್ಲೂ ಇದು ನಡೆದಿದೆ. ಅಮೆರಿಕದ ಕಾನ್ಸಸ್ ರಾಜ್ಯದ ಪಶ್ಚಿಮ ಭಾಗದಲ್ಲಿ ನೀರು ಉಳಿಸುವ ನಾಜಲ್‌ಗಳಿಗೆ ಸರ್ಕಾರ ಸಬ್ಸಿಡಿ ಕೊಟ್ಟಿತು. ಅಂತರ್ಜಲ ಉಳಿಯಲಿ ಎಂಬುದು ಉದ್ದೇಶ. 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ರೈತರು ಹೆಚ್ಚು ನೀರು ಬೇಡುವ ಬೆಳೆಗೆ ಹೊರಳಿದರು, ಮೇಲೆತ್ತುವ ನೀರು ಕಡಿಮೆಯಾಗುವ ಬದಲು ಹೆಚ್ಚಿತು. ಇಲ್ಲಿ ಜೆವನ್ಸ್ ನೂರಕ್ಕೆ ನೂರು ಸರಿ. ಏಕೆಂದರೆ ಜಮೀನು ಮನೆಯ ಹಾಲ್ ಅಲ್ಲ, ಅದು ಕುಲುಮೆಯಂತೆ. ಉಳಿದದ್ದನ್ನು ಮತ್ತೆ ದುಡಿಮೆಗೆ ಹಾಕಿದರೆ ಅಲ್ಲಿ ಕಾಸು ಹುಟ್ಟುತ್ತದೆ.

ಅವರಿಗೆ ಕಾಣದೇ ಹೋದದ್ದು

ಪೆಟ್ರೋಲಿಯಂ ಕಲ್ಲಿದ್ದಲಿನ ಜಾಗ ತುಂಬಬಲ್ಲದು ಎಂದು ಜೆವನ್ಸ್ ನಂಬಲಿಲ್ಲ. ಗಾಳಿ, ಅಲೆಗಳನ್ನೂ ತಳ್ಳಿಹಾಕಿದರು. ಕಲ್ಲಿದ್ದಲು ಮುಗಿಯುತ್ತದೆ ಎಂಬ ಭಯದಲ್ಲಿ ಅದರ ಹೊಗೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಅವರ ವಾದಕ್ಕೆ ಬರಲೇ ಇಲ್ಲ. ಕಾರ್ಬನ್ ಡೈಆಕ್ಸೈಡ್ ಶಾಖ ಹಿಡಿದಿಡುತ್ತದೆ ಎಂದು ಜಾನ್ ಟಿಂಡಾಲ್ ಲಂಡನ್ನಿನಲ್ಲಿ ಪ್ರಯೋಗ ಮಾಡಿ ತೋರಿಸಿ ಆಗ ಕೆಲವೇ ವರ್ಷಗಳಾಗಿದ್ದವು. ಇವತ್ತಿನ ತೊಂದರೆ ಕಲ್ಲಿದ್ದಲು ಮುಗಿದದ್ದಲ್ಲ, ಮುಗಿಯದೇ ಇರುವುದು.

ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ರ್‍ಯಾಟ್‌ಕ್ಲಿಫ್ 2024ರ ಸೆಪ್ಟೆಂಬರ್ 30ರಂದು ನಿಂತಿತು. ನಿಲ್ಲಿಸಿದ್ದು ಒಳ್ಳೆಯ ಬಾಯ್ಲರ್ ಅಲ್ಲ. ಸಮುದ್ರದಡಿಯ ಗ್ಯಾಸ್, ಅಣುಶಕ್ತಿ, ಜೆವನ್ಸ್ ನಂಬದಿದ್ದ ಗಾಳಿ, ಅದರ ಜೊತೆಗೆ ಕಾನೂನು ಮತ್ತು ಇಂಗಾಲದ ಮೇಲೆ ಹಾಕಿದ ಬೆಲೆ. ಜೆವನ್ಸ್ ಬೇಡವೆಂದು ಬದಿಗಿಟ್ಟಿದ್ದ ಔಷಧವೇ ಅದು.

ಸೂರ್ಯನ ಕಲೆ ಮತ್ತು ನಮ್ಮ ಬರ

ಬುದ್ಧಿವಂತರು ಎಡವುವುದೂ ಜೋರಾಗಿಯೇ. ಜೆವನ್ಸ್ 1871ರಲ್ಲಿ ಅರ್ಥಶಾಸ್ತ್ರದ ದಿಕ್ಕು ಬದಲಿಸಿದ ಪುಸ್ತಕ ಬರೆದರು, ಪಿಯಾನೊದಂತೆ ಕೀಲಿ ಒತ್ತಿದರೆ ತರ್ಕದ ಲೆಕ್ಕ ಬಿಡಿಸುವ ಮರದ ಯಂತ್ರ ಮಾಡಿಸಿದರು. ಅದು ಈಗ ಆಕ್ಸ್‌ಫರ್ಡ್‌ನ ಮ್ಯೂಸಿಯಂನಲ್ಲಿದೆ. ಅದೇ ಮನುಷ್ಯ 1875ರಿಂದ ಒಂದು ವಿಚಿತ್ರ ವಾದದ ಹಿಂದೆ ಬಿದ್ದರು. ಸೂರ್ಯನ ಮೇಲಿನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚುತ್ತವೆ, ಕಡಿಮೆಯಾಗುತ್ತವೆ. ಬ್ರಿಟನ್ನಿನ ವ್ಯಾಪಾರದ ಕುಸಿತವೂ ಹೆಚ್ಚು ಕಡಿಮೆ ಅಷ್ಟೇ ವರ್ಷಕ್ಕೊಮ್ಮೆ ಬರುತ್ತದೆ. ಹಾಗಾದರೆ ಇದರಿಂದಲೇ ಅದು ಇರಬೇಕು.

ನಡುವಿನ ಕೊಂಡಿ ಭಾರತ. ಸೂರ್ಯನ ಶಾಖ ಏರುಪೇರಾದರೆ ಭಾರತದಲ್ಲಿ ಮಳೆ ಬೆಳೆ ಕೆಡುತ್ತದೆ, ಕಾಳು ದುಬಾರಿಯಾಗುತ್ತದೆ, ಬಡವರು ಮ್ಯಾಂಚೆಸ್ಟರಿನ ಬಟ್ಟೆ ಕೊಳ್ಳುವುದು ಬಿಡುತ್ತಾರೆ, ಅಲ್ಲಿ ಮಿಲ್ಲುಗಳು ತತ್ತರಿಸುತ್ತವೆ. ಅವರು ಇದನ್ನು 1878ರಲ್ಲಿ ಬರೆಯುವ ಹೊತ್ತಿಗೆ ಮೈಸೂರು ಸಂಸ್ಥಾನ, ಬಳ್ಳಾರಿ, ಇಡೀ ದಕ್ಷಿಣ ಧಾತು ಸಂವತ್ಸರದ ಬರದಲ್ಲಿ ನಲುಗಿತ್ತು, ಲಕ್ಷಾಂತರ ಜನ ಸತ್ತಿದ್ದರು. ಲಂಡನ್ನಿನ ಮೇಜಿನ ಮೇಲೆ ಅದು ಗ್ರಾಫಿನ ಒಂದು ಚುಕ್ಕೆ. ಇದನ್ನು ಓದುವಾಗ ನಮಗೆ ಕಸಿವಿಸಿಯಾಯಿತು. ಮಳೆ ಕೈಕೊಟ್ಟದ್ದರ ಹಿಂದೆ ಶಾಂತಸಾಗರದ ಎಲ್ ನಿನೊ ಇತ್ತೆಂದು ಈಗ ಗೊತ್ತು. ಮಳೆಯಿಲ್ಲದಾಗಲೂ ಕಾಳು ರಫ್ತಾಗುತ್ತಿತ್ತು ಎಂಬುದಂತೂ ಸೂರ್ಯನ ತಪ್ಪಲ್ಲ. ಲೆಕ್ಕ ಹೊಂದಿಸಲು ಜೆವನ್ಸ್, ಸರಿಯಾದ ಪುರಾವೆ ಇಲ್ಲದ ಹಳೆಯ ಕುಸಿತಗಳನ್ನೂ ಪಟ್ಟಿಗೆ ಸೇರಿಸಿಕೊಂಡರು. ಆ ವಾದ ನಿಲ್ಲಲಿಲ್ಲ.

ಭಾರತದ ನಂಟು ಅಲ್ಲಿಗೆ ಮುಗಿಯಲಿಲ್ಲ. ಮಗ ಹರ್ಬರ್ಟ್ ಸ್ಟ್ಯಾನ್ಲಿ ಜೆವನ್ಸ್ ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರೊಫೆಸರ್ ಆಗಿ ಬಂದರು. ಅವರೂ ಬ್ರಿಟನ್ನಿನ ಕಲ್ಲಿದ್ದಲಿನ ಬಗ್ಗೆ ಒಂದು ಪುಸ್ತಕ ಬರೆದಿದ್ದಾರೆ.

ತಂದೆ ಅದನ್ನೆಲ್ಲ ನೋಡಲಿಲ್ಲ. ಪಾಠ ಹೇಳುವುದು ಅವರಿಗೆ ಯಾವತ್ತೂ ಹಿಂಸೆ. ಬರೆಯಲು ಸಮಯ ಬೇಕೆಂದು 1880ರಲ್ಲಿ ಪ್ರೊಫೆಸರ್ ಹುದ್ದೆ ಬಿಟ್ಟರು. 1882ರ ಆಗಸ್ಟ್‌ನಲ್ಲಿ ಹೆಂಡತಿ ಹ್ಯಾರಿಯೆಟ್ ಮತ್ತು ಮೂವರು ಮಕ್ಕಳೊಂದಿಗೆ ಹೇಸ್ಟಿಂಗ್ಸ್ ಬಳಿಯ ಸಮುದ್ರ ತೀರದಲ್ಲಿದ್ದರು. 13ರಂದು ಈಜಲು ಇಳಿದವರು ಮುಳುಗಿ ಸತ್ತರು. 47 ತುಂಬಲು 19 ದಿನ ಬಾಕಿ ಇತ್ತು.

ಕಲ್ಲಿದ್ದಲಿನ ಹಾಗೆಯೇ ಕಾಗದವೂ ಮುಂದೆ ಸಿಗದೇ ಹೋಗುತ್ತದೆ ಎಂಬ ಹೆದರಿಕೆ ಅವರಿಗಿತ್ತು. ಅರ್ಥಶಾಸ್ತ್ರಜ್ಞ ಕೇನ್ಸ್ ಇದನ್ನು 1936ರಲ್ಲಿ ಬರೆದಿದ್ದಾರೆ. ಬರೆಯುವ ಕಾಗದ, ಪೊಟ್ಟಣ ಕಟ್ಟುವ ತೆಳು ಕಂದು ಕಾಗದ, ಎರಡನ್ನೂ ಜೆವನ್ಸ್ ರಾಶಿ ರಾಶಿ ಕೊಂಡು ಮನೆಯಲ್ಲಿ ತುಂಬಿಸಿದ್ದರು. ತಾವು ಮಾತ್ರ ಟಿಪ್ಪಣಿಗಳನ್ನು ಹಳೆಯ ಲಕೋಟೆಗಳ ಹಿಂಬದಿಯಲ್ಲಿ, ಹರಿದ ಚೂರುಗಳಲ್ಲಿ ಬರೆಯುತ್ತಿದ್ದರು. ಅವರು ಸತ್ತು 50 ವರ್ಷ ದಾಟಿದ್ದರೂ ಮಕ್ಕಳಿಗೆ ಆ ಕಾಗದ ಇನ್ನೂ ಮುಗಿದಿರಲಿಲ್ಲ.